ಬೋರಲು ಮಲಗುವ ದೊಡ್ಡಣ್ಣ

"ಪೆಟ್ಟಿಗೆಯಲ್ಲಿ ದೊಡ್ಡಣ್ಣ ಇಲ್ಲ!"

ಪೆಟ್ಟಿಗೆ ಕಾಯುವ ಹಾನ್ ಅಜ್ಜ ಹೀಗೆ ಕೂಗಿದಾಗ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದ ಕೈಗಳೆಲ್ಲ ಹಾಗೇ ನಿಂತವು. ಒಬ್ಬ ಸೇನಾಪತಿಯ ಮುಖ ಅರ್ಧ ಕೆಂಪು, ಅರ್ಧ ಮನುಷ್ಯನದು. ಬಾಯಿ ಮಾತ್ರ ಪೂರ್ತಿ ತೆರೆದಿತ್ತು.

ಮಧ್ಯಾಹ್ನದ ಆಟ ಆಗಷ್ಟೇ ಮುಗಿದಿತ್ತು. ಹೊರಗೆ ತಿಯಾನ್‌ಜಿನ್ ಪಟ್ಟಣದ ಚಳಿಗಾಲದ ಸಂಜೆ, ನದಿಯ ಮೇಲೆ ಮಂಜುಗಡ್ಡೆ. ಒಳಗೆ ಒಂದು ಹಳೆಯ ಮರದ ಪೆಟ್ಟಿಗೆ, ಅದರಲ್ಲಿ ಹಳದಿ ರೇಷ್ಮೆಯ ಹಾಸಿಗೆ. ಹಾಸಿಗೆಯ ಮೇಲೆ ಯಾರೂ ಇಲ್ಲ.

"ಸರಿಯಾಗಿ ನೋಡಿದ್ಯಾ?" ಮೇಳದ ಯಜಮಾನ ಪಾನ್ ಓಡಿಬಂದ.

"ಮೀಸೆ ಮೂಡೋಕೆ ಮುಂಚಿಂದ ನೋಡ್ತಿದೀನಿ, ಇವತ್ತು ನೋಡೋಕೆ ಬರಲ್ವಾ?" ಅಜ್ಜ ಹಾಸಿಗೆಯತ್ತ ಬೆರಳು ಚಾಚಿದ. "ಇಲ್ಲಿ ನೋಡಿ, ಹಾಸಿಗೆ ಮೇಲೆ ಗುಂಡಿ. ಇದು ಮೂಗಿನ ಗುರುತಲ್ಲ, ಹಿಂದಲೆಯದ್ದು. ಯಾರೋ ಅವನನ್ನ ಅಂಗಾತ ಮಲಗಿಸಿದಾರೆ. ಎದ್ದು ಹೋಗಿದಾನೆ, ಯಜಮಾನ್ರೇ... ಎದ್ದು ಹೋಗಿದಾನೆ!"

ದೊಡ್ಡಣ್ಣ ಎಂದರೆ ಮೊಳದುದ್ದದ ಮರದ ಕೂಸು. ರಂಗದ ಮೇಲೆ ಅವನು ರಾಜಕುಮಾರ, ಅನಾಥ, ಯುದ್ಧದಲ್ಲಿ ದಿಕ್ಕುತಪ್ಪಿದ ಹಸುಗೂಸು. ಆಟ ಏನು ಕೇಳಿದರೆ ಅದು. ರಂಗದಿಂದ ಇಳಿದರೆ ಮೇಳದ ದೇವರು, ವೇಷಧಾರಿಗಳಿಗೆಲ್ಲ ಹಿರಿಯ. ಅವನನ್ನು ಪೆಟ್ಟಿಗೆಯಲ್ಲಿ ಬೋರಲಾಗಿಯೇ ಮಲಗಿಸಬೇಕು. ಮುಖ ಮೇಲಾದರೆ ಜೀವ ಬರುತ್ತದೆ, ಎದ್ದು ತಿರುಗುತ್ತಾನೆ, ತಿರುಗಿದ ಕಡೆ ಒಳ್ಳೆಯದಾಗುವುದಿಲ್ಲ. ಇದನ್ನು ನಂಬದವರೂ ಆ ಚೌಕಿಯಲ್ಲಿದ್ದರು. ಆದರೆ ಒಮ್ಮೆ ಅಂಗಾತ ಮಲಗಿಸಿ ನೋಡೇಬಿಡೋಣ ಎನ್ನುವ ಗುಂಡಿಗೆ ಅವರಿಗೂ ಇರಲಿಲ್ಲ.

"ಯಾರು ಮಲಗಿಸಿದ್ದು?" ಪಾನ್ ಗುಡುಗಿದ.

ಬಾಗಿಲ ಬಳಿ, ವೇಷಗಳ ಜೊತೆ ಫೋಟೊ ತೆಗೆಸಿಕೊಳ್ಳಲು ಬಂದಿದ್ದ ಪ್ರವಾಸಿಗಳ ಗುಂಪಿನಲ್ಲಿ, ಲೌ ಸುಮೇ ಕೈ ಎತ್ತಿದಳು.

"ನಾನು," ಎಂದಳು. "ಮಲಗಿಸಿದ್ದು ನಾನೇ."

ಸುಮೇ ದಕ್ಷಿಣದ ನಿಂಗ್ಬೊ ಬಂದರಿನವಳು. ಜೀವಮಾನವೆಲ್ಲ ಸೂಲಗಿತ್ತಿಯಾಗಿ ದುಡಿದು, ಈಗ ನಿವೃತ್ತಳಾಗಿ, ಊರು ನೋಡಲು ಹೊರಟವಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ತಿಯಾನ್‌ಜಿನ್‌ಗೆ ಬಂದವಳು ಆಟಕ್ಕೂ ಬಂದಿದ್ದಳು. ಮೊದಲ ಪ್ರಸಂಗದಲ್ಲಿ ತಾಯಿಯ ವೇಷದ ಯಾಚಿನ್ ಎಂಬ ನಟಿ ಕೂಸನ್ನು ಅವುಚಿಕೊಂಡು ಉರಿಯುವ ಊರು ಬಿಟ್ಟು ಓಡಿದಾಗ, ಓಲಗದವನು ತನ್ನ ವಾದ್ಯದಲ್ಲಿ ಕೂಸಿನ ಅಳು ನುಡಿಸಿದ. ಸಭೆ "ಭಲೇ!" ಎಂದಿತು. ಸುಮೇಗೆ ಮಾತ್ರ ಮೈಯೆಲ್ಲ ಮುಳ್ಳೆದ್ದಿತು. ಹುಟ್ಟಿದ ಕೂಸು ಥೇಟ್ ಹಾಗೇ ಅಳುತ್ತದೆ. ಮೊದಲ ಅಳುವನ್ನು ಅವಳು ಎಂದೂ ನಂಬಿದವಳಲ್ಲ. ಮೊದಲನೆಯದನ್ನು ಅತ್ತು ಸುಮ್ಮನಾದ ಕೂಸುಗಳನ್ನು ಕಂಡವಳು. ಎರಡನೆಯದಕ್ಕಾಗಿ ಕಾಯುತ್ತಾಳೆ. ರಂಗದಲ್ಲಿ ಎರಡನೆಯದು ಬರಲಿಲ್ಲ.

ವಿರಾಮದಲ್ಲಿ ಗೈಡ್ ಹುಡುಗಿ ಎಲ್ಲರನ್ನೂ ಚೌಕಿ ತೋರಿಸಲು ಕರೆತಂದಳು. ವೇಷದಲ್ಲೇ ನಿಂತಿದ್ದ ಯಾಚಿನ್ ಬಸುರಿ ಎಂಬುದು ಸುಮೇಯ ಕಣ್ಣಿಗೆ ಆಗಲೇ ಬಿದ್ದಿತ್ತು. ದೊಡ್ಡಣ್ಣನಿಗೆ ಊದುಬತ್ತಿ ಹಚ್ಚಲೆಂದು ಅಜ್ಜ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದ. ಇಣುಕಿದರೆ, ಒಂದು ಕೂಸು ಮೂಗನ್ನು ರೇಷ್ಮೆಗೆ ಒತ್ತಿಕೊಂಡು ಬೋರಲು ಬಿದ್ದಿದೆ! ತಲೆ ಯೋಚಿಸುವ ಮೊದಲೇ ಸುಮೇಯ ಕೈ ತನ್ನ ಕೆಲಸ ಮಾಡಿತ್ತು.

"ಉಸಿರು ಕಟ್ಟುತ್ತೆ ಅನ್ನಿಸ್ತು," ಎಂದಳು ಈಗ, ತಲೆ ತಗ್ಗಿಸಿ. "ಕೈ ತಾನಾಗೇ ತಿರುಗಿಸ್ತು."

"ಉಸಿರು! ಮರದ ಕೂಸಿಗೆ ಉಸಿರು!" ಪಾನ್ ಕೈ ಕೈ ಹಿಸುಕಿಕೊಂಡ.

"ಮರದ ಕೂಸು ಎದ್ದು ನಡೀತು ಅಂತೀರಿ. ಉಸಿರಾಡಿದ್ರೆ ಮಾತ್ರ ತಪ್ಪಾ, ಯಜಮಾನ್ರೇ?"

ಹೀಗೆಂದವನು ಹಾಸ್ಯಗಾರ ಗೆಂಗ್. ಮೂಗಿನ ಮೇಲಿನ ಬಿಳಿಯ ಚೌಕವನ್ನು ಇನ್ನೂ ಒರೆಸಿರಲಿಲ್ಲ. ಚೌಕಿಯ ಕಾನೂನಿನಲ್ಲಿ ಹಾಸ್ಯಗಾರನೇ ದೊಡ್ಡವನು: ಅವನು ಮೂಗಿಗೆ ಬಿಳಿ ಹಚ್ಚುವವರೆಗೆ ರಾಜನ ವೇಷದವನೂ ಬಣ್ಣ ಮುಟ್ಟುವಂತಿಲ್ಲ. ಯಾವ ಪೆಟ್ಟಿಗೆಯ ಮೇಲೆ ಬೇಕಾದರೂ ಕೂರುವ ಹಕ್ಕು ಅವನಿಗೊಬ್ಬನಿಗೇ. ಬಾಯಿಗೂ ಬೀಗವಿಲ್ಲ. ವಿರಾಮದಲ್ಲಿ ಸುಮೇ ಅವನನ್ನು "ದೊಡ್ಡಣ್ಣಾ, ಮೂಗಿಗೆ ಮಾತ್ರ ಯಾಕೆ ಬಣ್ಣ?" ಎಂದು ಕೇಳಿದ್ದಳು. ಅವನು ಹೌಹಾರಿದವನಂತೆ ಎದೆ ಹಿಡಿದುಕೊಂಡಿದ್ದ. "ಅಯ್ಯೋ ಅಕ್ಕಾ, ದೊಡ್ಡಣ್ಣ ಅನ್ಬೇಡಿ! ಎರಡನೇ ಅಣ್ಣ ಅನ್ನಿ. ನಮ್ಮೂರಲ್ಲಿ ದೊಡ್ಡಣ್ಣ ಅಂದ್ರೆ ಮಣ್ಣಿನವನು!" ಚೌಕಿಯೆಲ್ಲ ನಕ್ಕಿತ್ತು. ಸುಮೇಯೂ ನಕ್ಕಿದ್ದಳು, ಅರ್ಥವಾಗದೆ, ಪ್ರವಾಸಿಗಳು ನಗುವಂತೆ.

ಈಗ ಯಾರೂ ನಗುತ್ತಿರಲಿಲ್ಲ.

"ಬ್ಯಾಗ್ ತೋರ್ಸಿ," ಎಂದ ಪಾನ್.

ಸುಮೇಯ ದೊಡ್ಡ ಚೀಲ ಬರಿದಾಯಿತು. ಉಣ್ಣೆಯ ಶಾಲು, ಮಾತ್ರೆ ಡಬ್ಬಿ, ಬಿಸಿನೀರಿನ ಫ್ಲಾಸ್ಕು. ಕೊನೆಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ. ಮೊಳದುದ್ದ. ಪಾನ್ ಉಸಿರು ಬಿಗಿಹಿಡಿದು ಅದರ ದಾರ ಕಿತ್ತ. ಒಳಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ದೊಡ್ಡ ಜಡೆ, ಆ ಊರಿಗೆ ಬಂದವರೆಲ್ಲ ಮೊಮ್ಮಕ್ಕಳಿಗೆ ಒಯ್ಯುವಂಥದ್ದು.

"ಇದಕ್ಕೂ ಊದುಬತ್ತಿ ಹಚ್ಚೋಣ್ವಾ?" ಎಂದ ಗೆಂಗ್.

"ನಗಬೇಡ! ಮುಟ್ಟಿದ್ದು ತಾನೇ ಅಂತ ಒಪ್ಕೊಂಡಿದಾಳೆ. ದೊಡ್ಡಣ್ಣ ಸಿಗೋವರೆಗೂ ಈ ಹೆಂಗಸು ಇಲ್ಲಿಂದ ಕದಲೋ ಹಾಗಿಲ್ಲ. ಪೊಲೀಸರಿಗೆ ಹೇಳ್ತೀನಿ. ನಾಳೆ ಒಬ್ಬನಾದ್ರೂ ರಂಗ ಹತ್ತುತಾನಾ ಕೇಳು!"

ಯಾರೂ ಹತ್ತುವುದಿಲ್ಲವೆಂದು ಮುಖಗಳೇ ಹೇಳುತ್ತಿದ್ದವು. ಗೈಡ್ ಹುಡುಗಿ ಅಳುವ ಸ್ಥಿತಿಯಲ್ಲಿದ್ದಳು. ಜೊತೆಯ ಪ್ರವಾಸಿಗಳು ಸುಮೇಯಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಬೆಳಿಗ್ಗೆ ಅವಳ ಕಿತ್ತಳೆ ಹಣ್ಣು ತಿಂದವರೂ ಸರಿದರು.

ಕಳ್ಳಿ ಎನ್ನಿಸಿಕೊಳ್ಳುವ ನಾಚಿಕೆ ಸುಮೇಗೆ ಇತ್ತು. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಅವಳು ಎಷ್ಟೋ ಕೂಸುಗಳನ್ನು ಅಂಗಾತ ಮಲಗಿಸಿದವಳು. ಅಳದೆ ಹುಟ್ಟಿದವನ್ನೂ ಹಾಗೇ ಮಲಗಿಸಿದ್ದಳು, ಮುಖ ಒರೆಸಿ, ತಾಯಿ ನೋಡಲೆಂದು. ಅವು ಒಮ್ಮೊಮ್ಮೆ ಕನಸಿನಲ್ಲಿ ಅವಳ ಬಳಿ ಬರುತ್ತಿದ್ದವು. ಏನೂ ಕೇಳದೆ, ಸುಮ್ಮನೆ ಮೇಲೆ ನೋಡುತ್ತಿದ್ದವು. ಇವತ್ತು ತಾನೇ ಒಂದನ್ನು ಎಬ್ಬಿಸಿ ಕಳಿಸಿದೆನೇ? ಈ ಚಳಿಯಲ್ಲಿ, ಈ ಊರಿನಲ್ಲಿ ಅದು ಯಾರ ಮನೆಯ ಬಾಗಿಲು ತಟ್ಟುತ್ತಿದೆ?

ಗೆಂಗ್ ಖಾಲಿ ಪೆಟ್ಟಿಗೆಯ ಅಂಚಿನ ಮೇಲೆ ಕುಕ್ಕರಿಸಿದ.

"ಅಜ್ಜಾ, ವಿರಾಮದಲ್ಲಿ ಮುಚ್ಚಳ ಹಾಕಿದ್ದು ನೀನು. ಒಳಗೆ ನೋಡಿದ್ಯಾ?"

"ಕಣ್ಣಿಗೆ ಹೊಗೆ ಹೋಗಿತ್ತು. ಮುಚ್ಚಿದೆ ಅಷ್ಟೆ."

"ಆಗಿಂದ ನಾನು ಇದರ ಮೇಲೇ ಕೂತಿದ್ದೆ. ನನ್ನ ಅಂಡಿನ ಕೆಳಗಿಂದ ಎದ್ದು ಹೋಗೋಕೆ ಯಾವ ದೇವರಿಗೂ ಆಗಲ್ಲ. ಅಂದ್ರೆ, ಅವನು ಹೋಗಿದ್ದು ನಾನು ರಂಗದ ಮೇಲಿದ್ದಾಗ. ಕೊನೇ ಯುದ್ಧ. ಇಡೀ ಮೇಳ ರಂಗದ ಮೇಲಿತ್ತು. ನೀನೆಲ್ಲಿದ್ದೆ?"

"ಪರದೆ ಹಗ್ಗ ಹಿಡ್ಕೊಂಡಿದ್ದೆ. ನಿಂಗೇ ಗೊತ್ತು."

"ಯಜಮಾನ್ರು?"

"ನನ್ನನ್ನೂ ಕೇಳ್ತೀಯಾ?" ಪಾನ್ ಕೆರಳಿದ.

"ಹೋದ ತಿಂಗಳು ಹಳೇ ಸಾಮಾನಿನ ವ್ಯಾಪಾರಿ ಒಬ್ಬ ದೊಡ್ಡಣ್ಣನನ್ನ ಕೊಡ್ತೀರಾ ಅಂತ ಬಂದಿದ್ನಲ್ಲ?"

"ಕತ್ತಿನ ಪಟ್ಟಿ ಹಿಡಿದು ಆಚೆ ಹಾಕ್ದೆ! ಇವತ್ತು ಆಟ ಮುಗಿಯೋವರೆಗೂ ಮುಂಬಾಗಿಲಲ್ಲಿದ್ದೆ, ಟಿಕೆಟ್ ಹುಡುಗಿಯನ್ನ ಕೇಳು."

"ಅಕ್ಕಾ, ನೀವು?"

"ಎದ್ದು ಶೌಚಾಲಯಕ್ಕೆ ಹೋಗಿದ್ದೆ," ಎಂದಳು ಸುಮೇ. ನಿಜ ಹೇಳಿದರೆ ಕುತ್ತಿಗೆಗೆ ಬರುತ್ತದೆಂದು ಗೊತ್ತಿತ್ತು. "ಯುದ್ಧದ ಹೊತ್ತಿಗೇ."

"ನೋಡಿದ್ಯಾ!" ಎಂದ ಪಾನ್.

"ಅವರು ಬರ್ಲಿಲ್ಲ."

ಎಲ್ಲರೂ ತಿರುಗಿದರು. ಹೆಂಗಸರ ಕೋಣೆಯ ಬಾಗಿಲಲ್ಲಿ ಯಾಚಿನ್ ನಿಂತಿದ್ದಳು. ಮೊದಲ ಪ್ರಸಂಗಕ್ಕೇ ಅವಳ ವೇಷ ಮುಗಿದಿತ್ತು. ಬಣ್ಣ ತೊಳೆದ ಮುಖ ಬಿಳುಚಿಕೊಂಡಿತ್ತು. ದಪ್ಪ ಹತ್ತಿಕೋಟಿನ ಮೇಲೆ ಎರಡೂ ಕೈಗಳು ಹೊಟ್ಟೆಯನ್ನು ಅಪ್ಪಿಕೊಂಡಿದ್ದವು.

"ನಾನು ಇಲ್ಲೇ ಬಣ್ಣ ತೊಳೀತಿದ್ದೆ. ಆ ಅಮ್ಮ ಒಳಗೆ ಬರ್ಲಿಲ್ಲ. ಪಾಪ, ಅವರನ್ನ ಬಿಟ್ಬಿಡಿ."

"ಹಾಗಾದ್ರೆ ಯಾರು ಬಂದ್ರು?" ಗೆಂಗ್ ಕೇಳಿದ.

"ಯಾರೂ ಬರ್ಲಿಲ್ಲ, ಅಣ್ಣಾ."

ಚೌಕಿಯಲ್ಲಿ ಒಂದು ಚಳಿ ಹಾದುಹೋಯಿತು. ಯಾರೂ ಬರಲಿಲ್ಲ. ಆದರೂ ಅವನಿಲ್ಲ. ಅರ್ಧ ಕೆಂಪು ಮುಖದ ಸೇನಾಪತಿ ತನ್ನ ಕಾಲ ಬುಡವನ್ನು ನೋಡಿಕೊಂಡ, ಅಲ್ಲಿ ಏನೋ ಹರಿದಾಡಿದಂತೆ. ಹಾನ್ ಅಜ್ಜ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದ.

"ನಂಗೆ ನಿಲ್ಲೋಕಾಗ್ತಿಲ್ಲ, ಯಜಮಾನ್ರೇ," ಎಂದಳು ಯಾಚಿನ್. "ಹೊಟ್ಟೇಲಿ ಎರಡನೆಯವನಿದಾನೆ. ಮನೆಗೆ ಹೋಗ್ತೀನಿ."

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಒಬ್ಬಳು ಓಡಿಹೋಗಿ ಕುತ್ತಿಗೆಗೆ ಮಫ್ಲರ್ ಸುತ್ತಿದಳು.

"ಹೋಗಮ್ಮ, ಹುಷಾರು," ಪಾನ್‌ನ ದನಿಯೂ ಇಳಿಯಿತು. ಅವಳು ಬಾಗಿಲ ಕಡೆ ನಡೆಯುತ್ತಿರುವಾಗ ಪಕ್ಕದವನಿಗೆ ಗೊಣಗಿದ: "ಇವತ್ತೇ ಅವಳ ಕೊನೇ ವೇಷ, ಹೆರೋವರೆಗೂ ರಜೆ. ಮನಸ್ಸು ಬಲು ಮೆತ್ತಗೆ. ಹೋದ ಹೊಸವರ್ಷದ ಹಬ್ಬದಲ್ಲಿ ಮನೇಲಿ ಒಂದು ಮಣ್ಣಿನ ಗೊಂಬೆ ಒಡೀತು ಅಂತ ವಾರಗಟ್ಟಲೆ ಅತ್ತಿದ್ಳು."

ಸುಮೇ ಅವಳ ನಡಿಗೆಯನ್ನೇ ನೋಡುತ್ತಿದ್ದಳು. ಗರ್ಭಿಣಿಯರ ನಡಿಗೆ ನೋಡುವುದು ಅವಳಿಗೆ ಅಕ್ಷರ ಓದಿದಷ್ಟು ಸಲೀಸು. ಈ ಹುಡುಗಿ ಮೊದಲ ಬಸುರಿನವಳಂತೆ ನಡೆಯುತ್ತಿದ್ದಳು, ತುಂಬಿದ ಕೊಡವನ್ನು ಮೊದಲ ಸಲ ಹೊತ್ತವಳಂತೆ.

"ಎರಡನೇ ಅಣ್ಣಾ," ಗೆಂಗ್‌ನ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದಳು, "ಈ ಹುಡುಗಿ ಆಟಕ್ಕೆ ಬರುವಾಗ ಮೊದಲನೆಯವನನ್ನ ಯಾರ ಹತ್ರ ಬಿಟ್ಟು ಬರ್ತಾಳೆ?"

"ಮೊದಲನೆಯವನಾ? ಅವಳಿಗೆ ಮಕ್ಕಳೇ ಇಲ್ಲ ಅಕ್ಕಾ. ಮೂರು ಸಲ ಬಸುರು ನಿಂತಿತ್ತು. ಮೂರೂ ದಕ್ಕಲಿಲ್ಲ."

"ಮತ್ತೆ ಎರಡನೆಯವನು ಅಂದ್ಳಲ್ಲ?"

"ಅದಾ, ಅದು ನಮ್ಮೂರ ಮಾತು. ನಮ್ಮಲ್ಲಿ ಮೊದಲನೆಯವನು..."

ಗೆಂಗ್‌ನ ಮಾತು ಅಲ್ಲೇ ತುಂಡಾಯಿತು. ಮೂಗಿನ ಮೇಲೆ ಬಿಳಿ ಚೌಕ ಇದ್ದ ಹಾಗೇ ಇತ್ತು. ಅದರ ಸುತ್ತಲಿನ ಮುಖದಿಂದ ಹಾಸ್ಯಗಾರ ಹೊರಟುಹೋಗಿದ್ದ.

"ಯಾಚಿನ್," ಎಂದ. "ನಿಲ್ಲಮ್ಮ."

ಅವಳು ನಿಂತಳು. ತಿರುಗಲಿಲ್ಲ.

"ಏನಯ್ಯಾ ಇದು?" ಎಂದ ಪಾನ್.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಯಜಮಾನ್ರೇ. ಈಗ ನಮ್ಮೆಲ್ಲರ ಎದುರಿಗೇ ಒಂದು ಮಾತು ಜಾರ್ತು. ನಾವು ಈ ಊರಿನವರು, ಕಿವಿಗೆ ರೂಢಿ ಆಗ್ಬಿಟ್ಟಿದೆ, ಕೇಳಿಸ್ಕೊಳ್ಳಲಿಲ್ಲ. ಈ ಅಕ್ಕ ಹೊರಗಿನವರು. ಕೇಳಿಸ್ಕೊಂಡ್ರು, ಅರ್ಥ ಆಗ್ಲಿಲ್ಲ." ಸುಮೇ ಕಡೆ ತಿರುಗಿದ. "ಅಕ್ಕಾ, ಮಕ್ಕಳಾಗದ ಹೆಂಗಸರು ಇಲ್ಲಿ ದೇವಿ ಗುಡಿಗೆ ಹೋಗ್ತಾರೆ. ಅಲ್ಲಿ ಮಣ್ಣಿನ ಕೂಸುಗಳಿರ್ತವೆ. ಒಂದರ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಯಾರೂ ನೋಡದ ಹಾಗೆ ಎತ್ಕೊಂಡು ಬರ್ಬೇಕು. ಕೇಳಿ ತರೋ ಹಾಗಿಲ್ಲ, ಕದ್ದೇ ತರ್ಬೇಕು. ಮನೇಲಿ ಅವನೇ ದೊಡ್ಡಣ್ಣ. ಆಮೇಲೆ ಹೊಟ್ಟೇಲಿ ಹುಟ್ಟಿದವನು ಎರಡನೆಯವನು. ಅದಕ್ಕೇ ಈ ಊರಲ್ಲಿ ಗುರುತಿಲ್ಲದವನನ್ನ ಯಾರೂ ದೊಡ್ಡಣ್ಣ ಅನ್ನಲ್ಲ."

"ಎಲ್ಲರಿಗೂ ಗೊತ್ತಿರೋದೇ!" ಎಂದ ಪಾನ್. "ಇವಳೂ ತಂದಿದ್ಳು. ಅದೇ ಆ ಗೊಂಬೆ..."

"ಅದೇ ಆ ಗೊಂಬೆ. ಅದು ಒಡೆದುಹೋಯ್ತು. ಚೂರುಗಳನ್ನ ನದಿಗೆ ಬಿಡೋವಾಗ ನಾನೇ ಜೊತೆಗಿದ್ದೆ. ಇನ್ನು ಸತ್ತರೂ ಆ ಗುಡಿಗೆ ಹೋಗಲ್ಲ ಅಂತ ಆಣೆ ಇಟ್ಳು. ಈ ಬಸುರು ಆಮೇಲಿನದು. ಅವಳ ಮನೇಲಿ ಮೊದಲನೆಯವನು ಇಲ್ಲ. ಹಾಗಾದ್ರೆ ಇವತ್ತು ಹೊಟ್ಟೇಲಿರೋನು ಎರಡನೆಯವನು ಹೇಗಾದ? ಅವನ ಅಣ್ಣ ಯಾರು?"

ಹಾನ್ ಅಜ್ಜ ನೆಲದಿಂದ ತಲೆ ಎತ್ತಿದ.

"ಇನ್ನೊಂದು," ಎಂದಳು ಸುಮೇ. ಹೇಳಲು ಅವಳಿಗೆ ಮನಸ್ಸೇ ಇರಲಿಲ್ಲ. ಆದರೆ ಅಜ್ಜನ ಹಣೆಯ ಮೇಲಿನ ಧೂಳು ಕಾಣುತ್ತಿತ್ತು. "ವಿರಾಮದಲ್ಲಿ ನೋಡಿದಾಗ ಇವಳ ಹೊಟ್ಟೆ ಐದನೇ ತಿಂಗಳಿನದು. ಈಗ ಎಂಟನೇದು. ನಿಮ್ಮ ಆಟ ಉದ್ದ ಇತ್ತು ನಿಜ. ಅಷ್ಟು ಉದ್ದ ಇರ್ಲಿಲ್ಲ."

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದ ಗೆಂಗ್. "ನಾವು ಮಾಡಿದ್ದು ಅದೇ. ಯಾರೂ ಬರ್ಲಿಲ್ಲ ಅಂದ್ಳು. ಸುಳ್ಳು ಹೇಳಲಿಲ್ಲ. ಒಳಗೇ ಇದ್ದವಳು ಬರೋದೆಲ್ಲಿಂದ? ಅವನನ್ನ ಎತ್ಕೊಂಡಿದ್ದು ನೀನೇ ಅಲ್ವೇನಮ್ಮಾ?"

ಯಾಚಿನ್ ತಿರುಗಿದಳು. ಓಡಲಿಲ್ಲ, ಅಳಲಿಲ್ಲ. ಕೋಟಿನ ಗುಂಡಿಗಳನ್ನು ಬಿಚ್ಚಿದಳು. ಒಳಗೆ, ರಂಗದ ಮೇಲೆ ಕೂಸನ್ನು ಕಟ್ಟಿಕೊಳ್ಳುವ ಅದೇ ಪಟ್ಟಿಯಿಂದ, ದೊಡ್ಡಣ್ಣ ಅವಳ ಹೊಟ್ಟೆಗೆ ಬಿಗಿದಿದ್ದ. ಬೋರಲೂ ಅಲ್ಲ, ಅಂಗಾತವೂ ಅಲ್ಲ. ಅವನ ಮುಖ ಒಳಗಡೆಗಿತ್ತು, ಹೊಟ್ಟೆಯಲ್ಲಿರುವವನ ಕಡೆಗೆ. ಕುತ್ತಿಗೆಯಲ್ಲಿ ಕೆಂಪು ದಾರ.

"ದಾರ ತುಂಬಾ ದಿನದಿಂದ ಜೇಬಲ್ಲೇ ಇತ್ತು," ಎಂದಳು. "ಧೈರ್ಯ ಇರ್ಲಿಲ್ಲ. ನಾಳೆಯಿಂದ ಬೇರೆಯವಳು ಇವನನ್ನ ಎತ್ಕೋತಾಳೆ ಅಂದಾಗ... ಹೇಗೆ ಬಿಟ್ಟು ಹೋಗಲಿ ಅಣ್ಣಾ? ಮೂರು ಹೋದ್ವು. ಮಣ್ಣಿನವನೂ ಹೋದ. ಇವನನ್ನ ಬೆಂಕೀಲಿ ಎತ್ಕೊಂಡು ಓಡಿದೀನಿ, ನದೀಲಿ ಎತ್ಕೊಂಡು ಓಡಿದೀನಿ, ಎಷ್ಟು ವರ್ಷ! ಇವನೊಬ್ಬನೇ ನನ್ನ ಕೈಲಿ ಸಾಯಲಿಲ್ಲ."

ಸೇನಾಪತಿ ಮುಖ ಆಚೆ ತಿರುಗಿಸಿಕೊಂಡ. ಓಲಗದವನು ತನ್ನ ವಾದ್ಯವನ್ನು ಚೀಲದೊಳಕ್ಕೆ ತುರುಕಿದ, ಅದು ತಾನಾಗಿ ಅತ್ತುಬಿಡುವುದೋ ಎಂಬಂತೆ.

"ಅಮ್ಮಾ," ಯಾಚಿನ್ ಸುಮೇಯನ್ನು ನೋಡಿದಳು. "ನಿಮ್ಮ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಎತ್ಕೊಳ್ಳೋಕೆ ಅಂತ ಎಷ್ಟೋ ಸಲ ಆ ಮುಚ್ಚಳ ತೆಗೆದಿದೀನಿ. ಬೋರಲು ಮಲಗಿರ್ತಿದ್ದ, ಬೆನ್ನು ನೋಡಿ ವಾಪಸ್ ಬರ್ತಿದ್ದೆ. ಇವತ್ತು ತೆಗೆದ್ರೆ, ನನ್ನನ್ನೇ ನೋಡ್ತಿದಾನೆ. ಬಾ ಅಂದ ಹಾಗಿತ್ತು."

ಸುಮೇ ತನ್ನ ಕೈಗಳನ್ನು ನೋಡಿಕೊಂಡಳು. ಅಂಗಾತ ಮಲಗಿಸಿದರೆ ಎದ್ದು ಹೋಗುತ್ತಾನೆ ಎಂದಿದ್ದ ಅಜ್ಜ. ಎದ್ದು ಹೋಗಿಯೇಬಿಟ್ಟಿದ್ದ, ಕಾಲು ಮಾತ್ರ ಯಾಚಿನ್‌ಳದು.

ಪಾನ್ ಬಾಯಿ ತೆರೆದ. ಗೆಂಗ್ ಪೆಟ್ಟಿಗೆಯ ಅಂಚಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತ.

"ಯಜಮಾನ್ರೇ, ಪೊಲೀಸು ಗಿಲೀಸು ಅಂದೀರಿ ಜೋಕೆ! ನಾಳೆ ನಾನು ಮೂಗಿಗೆ ಬಿಳಿ ಹಚ್ಚಲ್ಲ. ನಾನು ಹಚ್ಚದೆ ಯಾರು ಬಣ್ಣ ಮುಟ್ತಾರೋ ನೋಡ್ತೀನಿ."

ಪಾನ್ ಬಾಯಿ ಮುಚ್ಚಿದ. ಮುಚ್ಚಲು ಒಂದು ನೆಪ ಸಿಕ್ಕಿದ್ದು ಅವನಿಗೂ ಹಿತವಾಗಿದ್ದಂತೆ ಕಂಡಿತು.

"ನೋಡು ಯಾಚಿನ್," ಎಂದ ಗೆಂಗ್. "ಇವನು ನಮ್ಮೆಲ್ಲರಿಗೂ ದೊಡ್ಡಣ್ಣ. ಒಬ್ಬರ ಮನೆಗೆ ಹೋಗೋ ಹಾಗಿಲ್ಲ, ಇವನಿಲ್ಲದೆ ನಮ್ಮ ಆಟ ಏಳಲ್ಲ. ಆದ್ರೆ ನೀನು ಕಟ್ಟಿದ ದಾರ ಬಿಚ್ಚೋಕೆ ನನಗೆ ಕೈ ಬರಲ್ಲ. ಅದು ಅಲ್ಲೇ ಇರ್ಲಿ. ಅಣ್ಣ ಇಲ್ಲಿರ್ತಾನೆ. ಹೆತ್ತ ಮೇಲೆ ತಮ್ಮನನ್ನ ಕರ್ಕೊಂಡು ಬಂದು ತೋರ್ಸು. ಅಜ್ಜಾ, ಆಗಬಹುದಾ?"

ಹಾನ್ ಅಜ್ಜ ಕಣ್ಣೊರೆಸಿಕೊಂಡು ತಲೆಯಾಡಿಸಿದ. ಹಾಸಿಗೆಯ ಗುಂಡಿಯನ್ನು ಅಂಗೈಯಿಂದ ಸವರಿ ಸಮ ಮಾಡಿದ.

"ನೀನೇ ಮಲಗಿಸಮ್ಮ," ಎಂದ.

ಯಾಚಿನ್ ಪಟ್ಟಿ ಬಿಚ್ಚಿದಳು. ಕೂಸನ್ನು ಎರಡೂ ಕೈಗಳಲ್ಲಿ ಹಿಡಿದು ಪೆಟ್ಟಿಗೆಯ ಮೇಲೆ ಬಾಗಿದಳು. ಬೋರಲು ಮಾಡಲು ತಿರುಗಿಸಿದವಳು ಅರ್ಧಕ್ಕೇ ನಿಂತಳು. ಕಣ್ಣು ದೊಡ್ಡದಾಯಿತು.

"ಅಲುಗಿದ," ಎಂದಳು, ಉಸಿರಿನಲ್ಲಿ.

"ಯಾರು?" ಗೆಂಗ್ ಪೆಟ್ಟಿಗೆಯಿಂದ ಎದ್ದೇಬಿಟ್ಟ. "ದೊಡ್ಡವನೋ, ಎರಡನೆಯವನೋ?"

ಹಾಸ್ಯಗಾರನ ಮಾತಿಗೆ ಯಾರೂ ನಗಲಿಲ್ಲ. ಅವನು ನಗಿಸಲೆಂದು ಕೇಳಿರಲೂ ಇಲ್ಲ.

"ಗೊತ್ತಾಗ್ತಿಲ್ಲ," ಯಾಚಿನ್ ಸುಮೇ ಕಡೆ ತಿರುಗಿದಳು. "ಹಿಂದಿನವು ಯಾವೂ ಇಲ್ಲೀತನಕ ಬಂದಿರ್ಲಿಲ್ಲ. ಹೇಗಿರುತ್ತೆ ಅಂತ ನಂಗೆ ಗೊತ್ತಿಲ್ಲ, ಅಮ್ಮಾ!"

ಸುಮೇ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು, ಒಂದನ್ನು ಆ ಹೊಟ್ಟೆಯ ಮೇಲಿಟ್ಟಳು. ಮೊದಲನೆಯದನ್ನು ಅವಳು ಎಂದೂ ನಂಬಿದವಳಲ್ಲ. ಕಣ್ಣು ಮುಚ್ಚಿ ಕಾದಳು.

ಬಂತು.

"ಎರಡನೆಯವನು," ಎಂದಳು.